ಕಂಪನಿ ಮುಚ್ಚಿದ ಮೇಲೆ ಏನು ಉಳಿಯುತ್ತೆ?

ಆಫೀಸಿನಲ್ಲಿ ಮಧ್ಯಾಹ್ನ ಊಟಕ್ಕೆ ನಾಲ್ಕು ಜನ ಕೂತರೆ ಫೋನಿನ ಮಾತು ಬರದೇ ಇರಲ್ಲ. ಒಬ್ಬನಿಗೆ ಆಪಲ್ ಅಂದರೆ ಮನೆದೇವರು, ಪಕ್ಕದಲ್ಲಿ ಕೂತವಳಿಗೆ ಅದೇ ಆಪಲ್ ಹಗಲು ದರೋಡೆ. 'ಈಗಿನ ಫೋನೆಲ್ಲ ಎರಡು ವರ್ಷಕ್ಕೆ ಸಾಯೋಕೇ ಹುಟ್ಟಿರೋದು' ಅಂತ ಮೂರನೆಯವರು. 'ನಮ್ಮಪ್ಪನ ನೋಕಿಯಾ ಇನ್ನೂ ಗಟ್ಟಿಮುಟ್ಟಾಗಿದೆ ಗೊತ್ತಾ' ಅಂತ ನಾಲ್ಕನೆಯವರು. ಎಲ್ಲಿದೆ ಆ ನೋಕಿಯಾ ಅಂತ ಕೇಳಿದರೆ ಬೀರುವಿನ ಡ್ರಾಯರಿನಲ್ಲಿ, ಹಳೇ ಚಾರ್ಜರ್‌ಗಳ ಗಂಟಿನ ಕೆಳಗೆ!

ಗಟ್ಟಿಯಾಗಿರೋದು ಬೇರೆ, ಬಳಕೆಗೆ ಬರೋದು ಬೇರೆ. ಬಾಳಿಕೆ ಅಂತ ನಾವು ಹೇಳುವಾಗ ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಡ್ತೀವಿ.

ನೋಕಿಯಾ 1100 ಅನ್ನೇ ತೆಗೆದುಕೊಳ್ಳಿ. 2003ರಲ್ಲಿ ಬಂದ ಈ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಧೂಳು ಒಳಗೆ ಹೋಗದ ಕೀಪ್ಯಾಡು, ತಲೆಯ ಮೇಲೊಂದು ಪುಟ್ಟ ಟಾರ್ಚು. ಕರೆಂಟ್ ಹೋದಾಗ ಹಿತ್ತಲಿಗೆ ಹೋಗೋಕೆ ಆ ಟಾರ್ಚ್ ಬಳಸದ ಮನೆ ನಮ್ಮ ಕಡೆ ಕಡಿಮೆ. ಅದರ ಬ್ಯಾಟರಿ ಇಂದಿಗೂ ಬದಲಾಯಿಸಬಹುದು. ಆದರೆ ಅದು 2ಜಿ ಫೋನು. ಜಿಯೋ ಸಿಮ್ ಹಾಕಿದರೆ ಪ್ರಯೋಜನವಿಲ್ಲ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿ 2017ರ ಆರಂಭದ ಹೊತ್ತಿಗೆ ತನ್ನ 2ಜಿ ನೆಟ್‌ವರ್ಕನ್ನೇ ಮುಚ್ಚಿತು. 2007ರಲ್ಲಿ ಜನ ಸಾಲುಗಟ್ಟಿ ನಿಂತು ಕೊಂಡ ಮೊಟ್ಟಮೊದಲ ಐಫೋನ್ ಆ ನೆಟ್‌ವರ್ಕಿನಲ್ಲಿ ಫೋನಾಗಿ ಉಳಿಯಲಿಲ್ಲ. ಯಾರ ಕೈಯಿಂದಲೂ ಬಿದ್ದು ಒಡೆದದ್ದಲ್ಲ. ಅದು ಮಾತಾಡುತ್ತಿದ್ದ ಟವರ್ ಮಾತು ನಿಲ್ಲಿಸಿತು, ಅಷ್ಟೆ.

2016 ಅನ್ನೋ ವರ್ಷ

ನನಗೆ ಈ ವಿಷಯದಲ್ಲಿ 2016 ಒಂದು ವಿಚಿತ್ರ ವರ್ಷ ಅನ್ನಿಸುತ್ತೆ.

ಆ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ತುಮಕೂರಿನಲ್ಲೂ ಒಂದು ಕಾರ್ಖಾನೆ ಇತ್ತು, ಆ ಜಾಗ ಈಗ ಇಸ್ರೋದ ಪಾಲು. ನಮ್ಮಪ್ಪನ ಕೈಯಲ್ಲಿ ಇರೋದು ಮದುವೆಯಲ್ಲಿ ಮಾವನ ಮನೆಯವರು ಕೊಟ್ಟ ಎಚ್‌ಎಂಟಿ ಜನತಾ. 17 ಜ್ಯುವೆಲ್, ದಿನಾ ಕೀ ಕೊಡಬೇಕು, ಒಂದು ದಿನ ಮರೆತರೆ ನಿಂತು ಹೋಗುತ್ತೆ. ಕಂಪನಿ ಮುಚ್ಚಿ ಇಷ್ಟು ವರ್ಷ ಆಯ್ತು, ವಾಚಿಗೆ ಆ ಸುದ್ದಿ ಮುಟ್ಟೇ ಇಲ್ಲ. ಎರಡು ವರ್ಷದ ಹಿಂದೆ ನಿಂತಾಗ ಅವೆನ್ಯೂ ರಸ್ತೆ ಕಡೆ ಒಬ್ಬ ಸಾಹೇಬರ ಹತ್ತಿರ ಕೊಟ್ಟೆವು. ಅವರು ಇನ್ನೊಂದು ಸತ್ತ ಜನತಾದಿಂದ ಒಂದು ಚಕ್ರ ಕಿತ್ತು ಇದಕ್ಕೆ ಹಾಕಿದರು, ಎಣ್ಣೆ ಬಿಟ್ಟರು, ಕಿವಿಗಿಟ್ಟು ಕೇಳಿ 'ಹೋಗ್ಬನ್ನಿ' ಅಂದರು. ಅವರು ಯಾರ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ರಿವಾಲ್ವ್ ಅನ್ನೋ ಒಂದು ಡಬ್ಬಿ ಸತ್ತಿತು. ಮನೆಯ ದೀಪ, ಬಾಗಿಲಿನ ಬೀಗ, ಎಲ್ಲವನ್ನೂ ಫೋನಿನಿಂದ ನಿಯಂತ್ರಿಸುವ ಸ್ಮಾರ್ಟ್ ಹೋಮ್ ಹಬ್. ಬೆಲೆ 300 ಡಾಲರ್. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕಂಪನಿ ಇದನ್ನು ಕೊಂಡಿತು, 2016ರಲ್ಲಿ ಸರ್ವರ್ ಆರಿಸಿತು. ಡಬ್ಬಿಯೊಳಗೆ ಒಂದು ತಂತಿಯೂ ಸುಟ್ಟಿರಲಿಲ್ಲ. ಆದರೆ ಅದು ಪ್ರತಿ ಕೆಲಸಕ್ಕೂ ದೂರದ ಸರ್ವರನ್ನು ಕೇಳಿಕೊಂಡೇ ಮಾಡುವಂತೆ ಕಟ್ಟಿದ್ದರು. ಸರ್ವರ್ ಹೋದ ಮೇಲೆ ಅದು ಪೇಪರ್‌ವೇಟು.

ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಹೊಸ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಅಂತ ಹೆಸರಾಗಿದ್ದದ್ದು ಅದೇ. ನಮ್ಮ ಅಪ್ಪ ಅಮ್ಮಂದಿರ ಪೀಳಿಗೆಯ ಮದುವೆ ಕ್ಯಾಸೆಟ್ಟುಗಳೆಲ್ಲ ಅಟ್ಟದ ಮೇಲೆ ಹಾಗೇ ಇವೆ, ಹಾಕಿ ನೋಡೋಕೆ ಯಂತ್ರ ಇಲ್ಲ.

ಡಿಸೆಂಬರಿನಲ್ಲಿ ಪೆಬಲ್ ಸ್ಮಾರ್ಟ್‌ವಾಚ್ ಕಂಪನಿ ಬಾಗಿಲು ಹಾಕಿ ತನ್ನ ಆಸ್ತಿಯನ್ನು ಫಿಟ್‌ಬಿಟ್‌ಗೆ ಮಾರಿತು. 2018ರ ಜೂನಿನಲ್ಲಿ ಅದರ ಸರ್ವರ್‌ಗಳೂ ಹೋದವು. ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಆ ವಾಚು ಕಟ್ಟಿಕೊಂಡಿದ್ದ ಒಂದಷ್ಟು ಪ್ರೋಗ್ರಾಮರುಗಳು ರೆಬಲ್ ಅಂತ ಗುಂಪು ಕಟ್ಟಿ, ಕಂಪನಿಯ ಸರ್ವರ್ ಮಾಡುತ್ತಿದ್ದ ಕೆಲಸವನ್ನು ತಮ್ಮದೇ ಸರ್ವರಿನಿಂದ ಮಾಡಿಸಿದರು. ಫಿಟ್‌ಬಿಟ್ ಹೋಗಿ ಗೂಗಲ್ ಕೈಗೆ ಸೇರಿತು. 2025ರ ಜನವರಿಯಲ್ಲಿ ಗೂಗಲ್ ಪೆಬಲ್‌ನ ಆಪರೇಟಿಂಗ್ ಸಿಸ್ಟಂ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಆಮೇಲೆ ಹಳೆಯ ಸಂಸ್ಥಾಪಕರೇ ಅದೇ ಕೋಡಿನ ಮೇಲೆ ಹೊಸ ವಾಚು ಮಾಡಲು ಹೊರಟರು. ಕಂಪನಿ ಹೋಗಿ ಎಂಟು ವರ್ಷದ ಮೇಲೆ!

ರಿವಾಲ್ವ್ ಕೂಡ ಗೂಗಲ್ ಮನೆಯಲ್ಲೇ ಸತ್ತದ್ದು, ಪೆಬಲ್ ಕೂಡ ಗೂಗಲ್ ಮನೆಯಿಂದಲೇ ಎದ್ದು ಬಂದದ್ದು. ಅದಕ್ಕೇ 'ಆ ಕಂಪನಿ ಒಳ್ಳೇದಾ ಕೆಟ್ಟದ್ದಾ' ಅನ್ನೋ ಊಟದ ಟೇಬಲ್ ಜಗಳ ನನಗೆ ಈಚೆಗೆ ರುಚಿಸಲ್ಲ. ಕಂಪನಿಯವರು ಎದ್ದು ಹೋದ ಮೇಲೆ ಮೂರನೆಯವನೊಬ್ಬ ಬಂದು ಅದನ್ನು ಬಿಚ್ಚಬಹುದಾ, ನಡೆಸಬಹುದಾ? ಜನತಾ ವಾಚು, ಪೆಬಲ್ ಎರಡಕ್ಕೂ ಉತ್ತರ ಹೌದು. ರಿವಾಲ್ವ್‌ಗೆ ಇಲ್ಲ.

ಇದನ್ನು ನಾನು ಹೊರಗೆ ನಿಂತು ಹೇಳ್ತಿಲ್ಲ, ಒಳಗೇ ಕೂತು ಸಂಬಳ ತಗೊಳ್ಳೋನು. ಒಂದು ಸೇವೆಯನ್ನು ನಿಲ್ಲಿಸುವಾಗ ಗ್ರಾಹಕರಿಗೆ ಹೋಗುವ ಮೇಲ್ ಹೇಗಿರುತ್ತೆ ಅಂತ ಗೊತ್ತು. ಮೊದಲ ಸಾಲಿನಲ್ಲಿ ಧನ್ಯವಾದ, ಎರಡನೇ ಸಾಲಿನಲ್ಲಿ 'ರೋಮಾಂಚಕ ಹೊಸ ಪಯಣ', ನಾಲ್ಕನೇ ಪ್ಯಾರಾದಲ್ಲಿ ಎಲ್ಲೋ ಒಂದು ಕಡೆ ತಾರೀಕು. ಒಳಗಿನ ಕಾರಣ ಸಾಮಾನ್ಯವಾಗಿ ಯಾರ ದುಷ್ಟತನವೂ ಅಲ್ಲ. ಸರ್ವರಿಗೆ ಬಾಡಿಗೆ ಇರುತ್ತೆ, ಹಳೇ ಕೋಡಿಗೆ ಸೆಕ್ಯುರಿಟಿ ತೇಪೆ ಹಾಕೋಕೆ ಒಬ್ಬ ಬೇಕು, ಆ ಒಬ್ಬ ಕೆಲಸ ಬಿಟ್ಟಿರುತ್ತಾನೆ. ಸೇವೆ ಅನ್ನೋದು ಸಾಯುವುದು ಸಹಜ. ನನ್ನ ತಕರಾರು ಸಾಯುವುದರ ಬಗ್ಗೆ ಅಲ್ಲ, ಸಾಯುವಾಗ ಕೀಲಿಕೈಯನ್ನೂ ಜೊತೆಗೇ ಹೂತುಬಿಡೋದರ ಬಗ್ಗೆ.

ಒಳ್ಳೇ ಸುದ್ದಿಯೂ ಇದೆ ಅನ್ನಿ. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಗೂಗಲ್ ಮತ್ತು ಸ್ಯಾಮ್‌ಸಂಗ್ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಮಾತು ಕೊಟ್ಟಿವೆ. ಯುರೋಪಿನಲ್ಲಿ 2027ರ ಫೆಬ್ರವರಿಯಿಂದ ಚಿಕ್ಕ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಅಂತ ಕಾನೂನು ಬಂದಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗೆಂದು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಇದೆ, ಕಾನೂನಿನ ಬಲ ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಡಬ್ಬಿ ಬಿಡಿ, ಒಳಗಿರೋದು?

ವಾಚು, ಫೋನು ಹೋದರೆ ಇನ್ನೊಂದು ತಗೋಬಹುದು. ಅದರೊಳಗೆ ನಾವು ತುಂಬಿಟ್ಟಿದ್ದಕ್ಕೆ ಬದಲಿ ಎಲ್ಲಿಂದ ತರ್ತೀರಿ?

ನನಗಿಂತ ಸ್ವಲ್ಪ ದೊಡ್ಡವರಿಗೆ ಆರ್ಕುಟ್ ನೆನಪಿರುತ್ತೆ. ಸ್ಕ್ರ್ಯಾಪು, ಟೆಸ್ಟಿಮೋನಿಯಲ್ಲು, ಕಾಲೇಜಿನ ಕಮ್ಯುನಿಟಿಗಳು. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು. ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಮೈಸ್ಪೇಸ್ ಹನ್ನೆರಡು ವರ್ಷ ಜನ ಹಾಕಿದ್ದ ಹಾಡುಗಳನ್ನು ಕಳೆದುಕೊಂಡಿದೆ ಅನ್ನೋದು 2019ರಲ್ಲಿ ಬಯಲಾಯಿತು. ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಫೋಟೋ ಉಚಿತ ಅನ್ನೋ ಕಾಲ 2021ರ ಜೂನ್ 1ಕ್ಕೆ ಮುಗಿದು, ಈಗ ಜಿಮೇಲ್, ಡ್ರೈವ್, ಫೋಟೋ, ಆಂಡ್ರಾಯ್ಡಿನ ವಾಟ್ಸ್ಆ್ಯಪ್ ಬ್ಯಾಕಪ್ ಎಲ್ಲ ಸೇರಿ 15 ಜಿಬಿಯೊಳಗೆ ಸಂಸಾರ ಮಾಡಬೇಕು. ಇದಕ್ಕಿಂತ ನಾನು ಹೆಚ್ಚು ಗಮನ ಕೊಟ್ಟಿದ್ದು 2023ರ ಒಂದು ನಿಯಮಕ್ಕೆ. ಎರಡು ವರ್ಷ ಯಾರೂ ತೆರೆಯದ ಖಾಸಗಿ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು. ತೀರಿಹೋದವರ ಖಾತೆ ಹೆಚ್ಚಾಗಿ ಹೀಗೇ ಅಲ್ಲವಾ ಇರೋದು? ಪಾಸ್‌ವರ್ಡು ಅವರ ಜೊತೆಗೇ ಹೋಗಿರುತ್ತೆ.

ಇದೆಲ್ಲ ಗೊತ್ತಿರೋ ಕಥೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ, ಕನ್ನಡದವರಿಗೇ ವಿಶೇಷವಾಗಿ ತಗುಲುವ ಕಥೆ ಇನ್ನೊಂದಿದೆ. ಫೈಲು ಇರುತ್ತೆ, ಕೆಟ್ಟಿರಲ್ಲ, ತೆರೆದೂ ತೆರೆಯುತ್ತೆ. ಓದೋಕೆ ಮಾತ್ರ ಬರಲ್ಲ.

ಪಿ, ಗೀಟಿನ ಎ, ಪೌಂಡ್ ಚಿಹ್ನೆ

ನಮ್ಮ ದೊಡ್ಡಪ್ಪ ತಿಪಟೂರು ಕಡೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಊರಿನ ಬಗ್ಗೆ ಬರೆಯೋಕೆ ಕೂತರು. ಯಾವ ಹೊಲಕ್ಕೆ ಏನು ಹೆಸರು, ಯಾವ ಬಾವಿಯನ್ನು ಯಾರು ತೋಡಿಸಿದ್ದು, ಕಪಿಲೆ ಹೊಡೆಯುವಾಗ ಏನು ಹಾಡುತ್ತಿದ್ದರು, ರಾಗಿ ಬೀಸುವಾಗ ನಮ್ಮಜ್ಜಿ ಹೇಳುತ್ತಿದ್ದ ಪದಗಳು ಯಾವುವು. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು 2006ರಲ್ಲಿ ತಿಪಟೂರಿನ ಒಂದು ಡಿಟಿಪಿ ಸೆಂಟರಿನಲ್ಲಿ ಟೈಪ್ ಮಾಡಿಸಿದರು. 140 ಪುಟ. ಹತ್ತು ಪ್ರತಿ ಸ್ಪೈರಲ್ ಬೈಂಡ್ ಮಾಡಿಸಿ ನೆಂಟರಿಗೆ ಹಂಚಿದರು, ಜೊತೆಗೆ ಒಂದು ಸಿ.ಡಿ. ನೋಟ್‌ಬುಕ್ಕನ್ನು ಮುಂದೆ ಗೆದ್ದಲು ತಿಂದಿತು. ಹತ್ತು ಪ್ರತಿಯಲ್ಲಿ ಈಗ ಸಿಕ್ಕಿರೋದು ಒಂದು, ಅದರಲ್ಲೂ ನಡುವಿನ ಹಾಳೆಗಳು ಇಲ್ಲ.

ಹೋದ ವರ್ಷ ಮೆಲ್ಬರ್ನಿನಲ್ಲಿರುವ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, 'ಅಪ್ಪ ಬರೆದಿದ್ದನ್ನ ಮಕ್ಕಳಿಗೆ ಓದಿ ಹೇಳಬೇಕು, ಕಳಿಸೋ' ಅಂದಳು. ಸಿ.ಡಿ. ಇದೆಯಲ್ಲ, ಅದೇನು ದೊಡ್ಡ ವಿಷಯ! ನನ್ನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕೋ ಜಾಗವೇ ಇಲ್ಲ, ಸ್ನೇಹಿತನ ಹತ್ತಿರ ಯುಎಸ್‌ಬಿ ಡ್ರೈವ್ ಇಸ್ಕೊಂಡೆ. ಸಿ.ಡಿ. ಚೆನ್ನಾಗಿಯೇ ಓಡಿತು. ಒಳಗೆ ಒಂದು ವರ್ಡ್ ಫೈಲು. ತೆರೆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇಂಗ್ಲಿಷ್ ಅಕ್ಷರಗಳು, ತಲೆ ಮೇಲೆ ಗೀಟು ಹೊತ್ತ ಎ, ಎರಡು ಚುಕ್ಕೆಯ ಯು, ಪೌಂಡ್ ಚಿಹ್ನೆ. ಅಕ್ಕನಿಗೆ ಕಳಿಸಿದ್ದಕ್ಕೆ ಅವಳು 'ಇದ್ಯಾವ ವೈರಸ್ಸೋ' ಅಂತ ಮೆಸೇಜ್ ಹಾಕಿದಳು.

ವೈರಸ್ ಅಲ್ಲ, ನುಡಿ.

ಆಗಿನ ಕಾಲವನ್ನು ಸ್ವಲ್ಪ ನೆನೆಸಿಕೊಳ್ಳಬೇಕು. ಕಂಪ್ಯೂಟರಿಗೆ ಕನ್ನಡ ಬರ್ತಿರಲಿಲ್ಲ. ಕಂಪ್ಯೂಟರಿಗೆ ಬರುವುದು ಅಂಕಿ ಮಾತ್ರ, ಯಾವ ಅಂಕಿಗೆ ಯಾವ ಅಕ್ಷರ ಅಂತ ಮನುಷ್ಯರು ಒಪ್ಪಂದ ಮಾಡಿಕೊಳ್ಳಬೇಕು. ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಒಪ್ಪಂದ ಇತ್ತು. ನಮ್ಮವರು ಒಂದು ಜಾಣ ಉಪಾಯ ಮಾಡಿದರು. ಕಂಪ್ಯೂಟರ್ 'ಪಿ' ಅಂದುಕೊಂಡಿರಲಿ, ಆದರೆ ಪರದೆ ಮೇಲೆ 'ಪಿ' ಇರುವ ಕಡೆ 'ಕ'ದ ಮೈಯನ್ನು ಬರೆಯುವ ಫಾಂಟ್ ಕೊಡೋಣ. ಗೀಟಿನ 'ಎ' ಇರುವ ಕಡೆ ತಲಕಟ್ಟು. ಹಾಗಾಗಿ ನುಡಿಯಲ್ಲಿ ಬರೆದ 'ಕನ್ನಡ' ಅನ್ನೋ ಪದ ಫಾಂಟ್ ಇಲ್ಲದ ಕಡೆ ಹೀಗೆ ಕಾಣುತ್ತೆ: ಪಿ, ಗೀಟಿನ ಎ, ಪೌಂಡ್ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೆ ಗೀಟಿನ ಎ. ಪೌಂಡ್ ಚಿಹ್ನೆ ಅಂದರೆ 'ನ'ದ ಮೈ. ಜರ್ಮನ್ ಅಕ್ಷರ 'ನ'ದ ಒತ್ತು. ಹಣೆಪಟ್ಟಿ ಒಂದು, ಒಳಗಿನ ಸರಕು ಇನ್ನೊಂದು.

ಈ ಉಪಾಯವನ್ನು ನಾನು ಹೀಯಾಳಿಸಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇಲ್ಲದಿದ್ದರೆ ಆ ಕಾಲದಲ್ಲಿ ಕನ್ನಡದಲ್ಲಿ ಒಂದು ಲಗ್ನಪತ್ರಿಕೆಯೂ ಅಚ್ಚಾಗೋದು ಕಷ್ಟವಿತ್ತು. ಅವರೇ ಮುಂದೆ ಯುನಿಕೋಡಿಗೂ ದಾರಿ ಮಾಡಿಕೊಟ್ಟರು. ಯುನಿಕೋಡ್ ಅಂದರೆ ಜಗತ್ತಿನ ಎಲ್ಲ ಲಿಪಿಗೂ ಸೇರಿದ ಒಂದೇ ಒಪ್ಪಂದ. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ, 128 ಮನೆಗಳ ಒಂದು ಬೀದಿ. 'ಕ' ಅಂದರೆ 3221. ತಿಪಟೂರಿನಲ್ಲೂ 3221, ಮೆಲ್ಬರ್ನಿನಲ್ಲೂ 3221. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕಂಪ್ಯೂಟರುಗಳಿಗೆ ಅದು ಅರ್ಥವಾಗುತ್ತೆ. ಆದರೆ ಊರಿನ ಡಿಟಿಪಿ ಸೆಂಟರುಗಳು ಹಳೆಯ ದಾರಿಯಲ್ಲೇ ವರ್ಷಗಟ್ಟಲೆ ನಡೆದವು, ಯಾಕಂದರೆ ಅವರ ಜೀವನ ನಡೆಯುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ. ಅಡೋಬಿ ಆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ತಂದದ್ದು 2001ರಲ್ಲಿ. ಯೋಚನೆ ಮಾಡಿ, ಎಷ್ಟು ಸ್ಮರಣ ಸಂಚಿಕೆಗಳು, ಎಷ್ಟು ಊರಿನ ಚರಿತ್ರೆಗಳು, ಎಷ್ಟು ಮನೆತನದ ವಂಶಾವಳಿಗಳು, ಎಷ್ಟು ಕವನ ಸಂಕಲನಗಳು ಆ ಫೈಲುಗಳಲ್ಲಿ ಕೂತಿವೆ! ಹುಡುಕಿದರೆ ಸಿಗಲ್ಲ, ಯಾಕಂದರೆ ಸರ್ಚ್ ಎಂಜಿನ್‌ಗೆ ಅದು ಕನ್ನಡ ಅಂತಲೇ ಗೊತ್ತಾಗಲ್ಲ.

ಬದಲಾಯಿಸೋದು ಸಾಧ್ಯ. ನುಡಿಯಿಂದ ಯುನಿಕೋಡಿಗೆ ಪರಿವರ್ತಿಸುವ ಉಚಿತ ತಂತ್ರಾಂಶಗಳು ಇವೆ, ಕೆಲವನ್ನು ಕನ್ನಡದ ಹುಡುಗರೇ ರಜೆಯಲ್ಲಿ ಕೂತು ಬರೆದು ಕೋಡ್ ಸಮೇತ ಹಂಚಿದ್ದಾರೆ. ಇದು ಅಕ್ಷರಕ್ಕೆ ಅಕ್ಷರ ಬದಲಿಸುವಷ್ಟು ಸುಲಭವೂ ಅಲ್ಲ. ಅರ್ಕಾವತ್ತನ್ನೇ ನೋಡಿ. 'ಸೂರ್ಯ' ಬರೆಯುವಾಗ ಅರ್ಕಾವತ್ತು ಕೊನೆಯಲ್ಲಿ ಕಾಣುತ್ತೆ, ನುಡಿ ಅದನ್ನು ಕಂಡ ಹಾಗೆಯೇ ಕೊನೆಯಲ್ಲಿಡುತ್ತೆ. ಯುನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ, ರ್ ಮೊದಲು ಯ ಆಮೇಲೆ ಅಂತ ಇಡುತ್ತೆ. ಪರಿವರ್ತಿಸುವ ತಂತ್ರಾಂಶ ಎಲ್ಲವನ್ನೂ ಎತ್ತಿ ಸರಿಯಾದ ಜಾಗಕ್ಕೆ ಕೂರಿಸಬೇಕು. ನನ್ನ 140 ಪುಟಕ್ಕೆ ಅದು ತೆಗೆದುಕೊಂಡದ್ದು ಕೆಲವೇ ಸೆಕೆಂಡು. ಅಕ್ಕನಿಗೆ ಕಳಿಸಿದೆ, ಕೆಲಸ ಮುಗೀತು ಅಂದುಕೊಂಡೆವು.

ಕೆಲಸ ಶುರುವಾದದ್ದೇ ಆಮೇಲೆ. ದೊಡ್ಡಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಫೋನ್ ಮಾಡಿ ನಾನು ಓದುತ್ತಾ ಹೋಗೋದು, ಅವರು ತಿದ್ದೋದು ಅಂತ ಮಾಡಿಕೊಂಡೆವು. 'ಸುಗ್ಗಿ ಮುಗಿದ ಮೇಲೆ ರಾಗಿಯನ್ನು ಹಗೆಯಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು' ಅಂತ ಓದಿದೆ.

'ಹಗೆ ಅಲ್ಲ ಕಣೋ, ಹಗೇವು. ಹಗೇವಿನಲ್ಲಿ' ಅಂದರು.

'ಹಗೇವು ಅಂದ್ರೇನು ದೊಡ್ಡಪ್ಪ?'

'ನೆಲದೊಳಗೆ ಗುಂಡಿ ತೋಡಿ ರಾಗಿ ತುಂಬಿಡ್ತಿದ್ವಲ್ಲೋ. ಊರಿಗೆ ಬಂದಾಗ ನೀನು ಕಾರು ನಿಲ್ಲಿಸ್ತೀಯಲ್ಲ, ಅದರ ಕೆಳಗೇ ಇದೆ ನಮ್ಮದು.'

ಅದು ತಂತ್ರಾಂಶದ ತಪ್ಪಲ್ಲ. 2006ರಲ್ಲೇ ಟೈಪ್ ಮಾಡಿದ ಹುಡುಗನಿಗೆ ಹಗೇವು ಗೊತ್ತಿರಲಿಲ್ಲ, ಗೊತ್ತಿದ್ದ ಪದ ಹಾಕಿದ್ದಾನೆ. 'ಹಗೆ' ಕನ್ನಡದ ಸರಿಯಾದ ಪದವೇ, ಯಾವ ಸ್ಪೆಲ್ ಚೆಕ್ಕೂ ಹಿಡಿಯಲ್ಲ. ಹಿಡಿಯಬಲ್ಲ ಮನುಷ್ಯರು ಊರಿನಲ್ಲಿ ಈಗ ನಾಲ್ಕೈದು ಜನ ಇರಬಹುದು, ಎಲ್ಲರಿಗೂ ಎಂಬತ್ತರ ಹತ್ತಿರ. ಪುಟ 52ರಲ್ಲಿ ಅಜ್ಜಿಯ ಒಂದು ಬೀಸುವ ಪದದ ನಡುವೆ ಒಂದು ಸಾಲು ಪೂರ್ತಿ ಚುಕ್ಕೆ ಚುಕ್ಕೆ ಇತ್ತು. ಏನು ದೊಡ್ಡಪ್ಪ ಇಲ್ಲಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಗುನುಗಿಕೊಂಡರು. ಹಿಂದಿನ ಸಾಲು ಬಂತು, ಮುಂದಿನದೂ ಬಂತು. 'ನೋಟ್‌ಬುಕ್ಕಲ್ಲಿತ್ತು. ಅಮ್ಮ ಇದ್ದಿದ್ರೆ ಹೇಳೋರು' ಅಂದರು. ಚುಕ್ಕೆಗಳನ್ನು ಹಾಗೇ ಬಿಟ್ಟಿದ್ದೀವಿ.

ಒಂದು ಲಾಭ ಮಾತ್ರ ನಾನು ಎಣಿಸಿರದೇ ಬಂತು. ಯುನಿಕೋಡ್ ಆದ್ದರಿಂದ ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೆ. ಈಗ ದೊಡ್ಡಪ್ಪ ಮಧ್ಯಾಹ್ನ ಜಗುಲಿಯಲ್ಲಿ ಕೂತು ತಾವು ಬರೆದದ್ದನ್ನು ತಾವೇ ಕೇಳ್ತಾರೆ. 'ಈ ಯಮ್ಮ ಎಲ್ಲೂ ಉಸಿರು ತಗೊಳ್ಳಲ್ವಲ್ಲೋ' ಅಂತ ಒಂದು ದೂರು ಇದೆ. ಹಳೆಯ ಫೈಲನ್ನು ಕೊಟ್ಟಿದ್ದರೆ ಆ ಯಮ್ಮ 'ಪಿ, ಎ, ಪೌಂಡ್' ಅಂತ ಓದ್ತಿದ್ದಳು.

ಕಲ್ಲಾದರೂ ಉಳಿಯುತ್ತಾ?

ಡಿಜಿಟಲ್ ಎಲ್ಲ ನೀರ ಮೇಲಿನ ಬರಹ, ಶಾಸನದ ಕಲ್ಲೇ ಗಟ್ಟಿ ಅಂತ ಹೇಳುವವರು ಸಿಗ್ತಾರೆ. ಬೆಂಗಳೂರಿನಲ್ಲಿದ್ದುಕೊಂಡು ಹಾಗೆ ಹೇಳೋಕಾಗಲ್ಲ. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಇಲ್ಲ. ರಸ್ತೆ ಬಂತು, ಲೇಔಟ್ ಬಂತು, ಕಲ್ಲು ಯಾವುದೋ ಪಾಯಕ್ಕೆ ಹೋಯಿತು. ಪಠ್ಯ ಉಳಿದಿರೋದು ಪುಸ್ತಕದಲ್ಲಿ, ಅಂದರೆ ಪ್ರತಿಯಲ್ಲಿ. ಈಗ ಮಿಥಿಕ್ ಸೊಸೈಟಿಯವರು ಉಳಿದಿರುವ ಕಲ್ಲುಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರದ್ದು ಅನ್ನಲಾಗುವ ಕಿತ್ತಯ್ಯನ ಶಾಸನವೂ ಹೀಗೆ ಸ್ಕ್ಯಾನ್ ಆಗಿದೆ. ಕಲ್ಲಿಗೂ ಬ್ಯಾಕಪ್ ಬೇಕಾಯಿತು ನೋಡಿ.

ಹಾಗಾದರೆ ನಾವು ಮನೆಯಲ್ಲಿ ಏನು ಮಾಡಬೇಕು ಅಂತ ಕೇಳಿದರೆ ನಾನು ಹೇಳೋದು ತುಂಬಾ ಸಪ್ಪೆಯಾಗಿದೆ. ಬೀರುವಿನಲ್ಲಿರುವ ಸಿ.ಡಿ., ಹಳೇ ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳನ್ನು ಈಗಲೇ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ವಿಂಗಡಣೆ ಆಮೇಲೆ. ಪೆನ್‌ಡ್ರೈವ್, ಎಸ್‌ಎಸ್‌ಡಿಯಂಥವು ವಿದ್ಯುದಂಶ ಹಿಡಿದಿಟ್ಟು ನೆನಪಿಟ್ಟುಕೊಳ್ಳೋದು, ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಅದು ಸೋರುತ್ತೆ. ಒಂದು ಪ್ರತಿ ಕ್ಲೌಡಿನಲ್ಲಿ, ಒಂದು ಹಾರ್ಡ್‌ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ. ವಾಟ್ಸ್ಆ್ಯಪಿನಲ್ಲಿ ಫೋಟೋ ಕಳಿಸಿದ್ದನ್ನು ಪ್ರತಿ ಅಂತ ಲೆಕ್ಕ ಹಾಕಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತೆ, ಯಾವಾಗ ತೆಗೆದದ್ದು ಅನ್ನೋ ಮಾಹಿತಿಯನ್ನೂ ಉದುರಿಸುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪರವಾಗಿಲ್ಲ. ಹಳೇ ಫೈಲುಗಳಲ್ಲಿ ಡಾಟ್ ಪಿ65 ಅಥವಾ ಡಾಟ್ ಪಿಎಂಡಿ ಅಂತ ಕೊನೆಯಾಗೋದು ಕಂಡರೆ ಅದು ಪೇಜ್‌ಮೇಕರಿನದ್ದು. ಊರಿನ ಡಿಟಿಪಿ ಸೆಂಟರ್ ಇನ್ನೂ ಇದ್ದರೆ ಅವರಲ್ಲೇ ತೆರೆಸಿ, ಪಠ್ಯವನ್ನು ಹೊರತೆಗೆಸಿಕೊಳ್ಳಿ. ಅವರೂ ಎಷ್ಟು ದಿನ ಅಂಗಡಿ ಇಡ್ತಾರೋ.

ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಒಂದಿದೆ. ನೀವು ಇಂತಿಷ್ಟು ತಿಂಗಳು ಖಾತೆ ತೆರೆಯದಿದ್ದರೆ ನೀವು ಹೇಳಿದವರಿಗೆ ತಿಳಿಸಿ, ನೀವು ಆರಿಸಿದ್ದನ್ನು ಅವರಿಗೆ ಕೊಡುತ್ತೆ. ಐಫೋನಿನಲ್ಲಿ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ. ಅಪ್ಪನ ಫೋನಿನಲ್ಲಿ ಇದನ್ನು ಮಾಡುವಾಗ ಅಮ್ಮ 'ಈಗಲೇ ಯಾಕೋ ಅಪಶಕುನ' ಅಂದರು. ಎಲ್‌ಐಸಿಗೆ ನಾಮಿನಿ ಬರೆಸಿದ ಹಾಗೆ ಅಮ್ಮ ಅಂತ ಹೇಳಿ ಒಪ್ಪಿಸಿದೆ.

ದೊಡ್ಡಪ್ಪನ ಪುಸ್ತಕದಲ್ಲಿ ನಾವೀಗ ಪುಟ 88ಕ್ಕೆ ಬಂದಿದ್ದೀವಿ. ಮುಗಿದ ಮೇಲೆ ಸಾದಾ ಟೆಕ್ಸ್ಟ್ ಫೈಲೊಂದು, ಪಿಡಿಎಫ್ ಒಂದು, ಕಾಗದದಲ್ಲಿ ಇಪ್ಪತ್ತು ಪ್ರತಿ ಮಾಡಿಸೋದು, ಹಾಡು ಮತ್ತು ಹೊಲಗಳ ಹೆಸರಿನ ಭಾಗವನ್ನು ಇಂಟರ್ನೆಟ್ ಆರ್ಕೈವ್‌ಗೆ ಎಲ್ಲರಿಗೂ ಸಿಗುವ ಹಾಗೆ ಹಾಕೋದು ಅಂತ ಮಾತಾಗಿದೆ. ಯಾರ ಬದುವನ್ನು ಯಾರು ಒತ್ತಿಕೊಂಡರು ಅನ್ನೋ ಒಂಬತ್ತನೇ ಅಧ್ಯಾಯ ಮಾತ್ರ ಮನೆಯಲ್ಲೇ ಇರಲಿ ಅಂತ ದೊಡ್ಡಮ್ಮ ಹಟ ಹಿಡಿದಿದ್ದಾರೆ. ದೊಡ್ಡಪ್ಪ ಇನ್ನೂ ಒಪ್ಪಿಲ್ಲ.